ಮುಳ್ಳಿಲ್ಲದ ಗಿಡ ಬಂದ ವರ್ಷ

ಮೂರು ದಿನದಿಂದ ಎಲೋದಿಯಾಳ ಬೆರಳಿಗೆ ಒಂದೇ ಒಂದು ಮುಳ್ಳು ಚುಚ್ಚಿರಲಿಲ್ಲ. ಜೊತೆಯಲ್ಲಿ ಹಣ್ಣು ಕೀಳುವ ಹೆಂಗಸರೆಲ್ಲ ಹೊಸ ಗಿಡವನ್ನು ಹಾಡಿ ಹೊಗಳುತ್ತಿದ್ದರೆ, ಇವಳು ಮಾತ್ರ ಗೀರಿಲ್ಲದ ತನ್ನ ಬೆರಳುಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಮೆಕ್ಸಿಕೋದ ಈ ಲೋಸ್ ರೇಯೆಸ್ ಕಣಿವೆಯಲ್ಲಿ ಚಳಿ ಎಂಬುದು ಹೆಸರಿಗಷ್ಟೇ. ಹಳೆಯ ಬ್ಲ್ಯಾಕ್‌ಬೆರಿ ಗಿಡಗಳಿಗೆ ಔಷಧಿ ಹೊಡೆದು, ಎಲೆ ಉದುರಿಸಿ, ಚಳಿಗಾಲ ಬಂದು ಹೋಯಿತೆಂದು ನಂಬಿಸಬೇಕಿತ್ತು. ಆಮೇಲೇ ಅವು ಹೂ ಬಿಡುತ್ತಿದ್ದವು. ಹೊಸ ತಳಿಗೆ ಆ ಮೋಸವೂ ಬೇಡ, ಮೈಮೇಲೆ ಮುಳ್ಳೂ ಇಲ್ಲ.

ಹನ್ನೊಂದು ವರ್ಷ, ಮಧ್ಯಾಹ್ನ ಕೆಲಸ ಮುಗಿದ ಮೇಲೆ, ದಣಿದು ಸೋತ ಎಲೋದಿಯಾ ಹಣ್ಣು ತೂಗುವ ನಿಕಾನೋರನ ಮುಂದೆ ಕ್ರೇಟು ಮಗುಚಿ ಕೂತು ಕೈ ಚಾಚುತ್ತಿದ್ದಳು. ಅವನು ಟೋಪಿಯ ಅಂಚಿನಿಂದ ಸೂಜಿ ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಮುಳ್ಳು ಕೀಳುತ್ತಿದ್ದ. ಅವಳ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ನಿಕಾನೋರ್ ಮದುವೆಯೇ ಆಗಿರಲಿಲ್ಲ. ಆ ಹತ್ತು ನಿಮಿಷ ಬಿಟ್ಟರೆ ಇಡೀ ದಿನದಲ್ಲಿ ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಇನ್ನು ಯಾವ ನೆಪ ಹೇಳಿ ಅವನೆದುರು ಕೂರುವುದು?

ನಾಲ್ಕನೆಯ ದಿನ ಅವಳು ಹಿತ್ತಲ ನಿಂಬೆ ಗಿಡಕ್ಕೆ ಬೆರಳು ಒತ್ತಿ, ಬೆರಳೊಳಗೆ ಮುಳ್ಳು ಮುರಿಸಿಕೊಂಡೇ ಕೆಲಸಕ್ಕೆ ಬಂದಳು.

ಮಧ್ಯಾಹ್ನ ನಿಕಾನೋರ್ ಮುಳ್ಳು ಕಿತ್ತು ಬಿಸಿಲಿಗೆ ಹಿಡಿದ. ಆಮೇಲೆ ಕನ್ನಡಕದ ಮೇಲಿಂದ ಅವಳನ್ನೇ ನೋಡಿದ, ತುಟಿಯಂಚಿನಲ್ಲಿ ನಗು ತಡೆದುಕೊಂಡು.

“ಇದು ನಿಂಬೆ ಮುಳ್ಳು ಕಣೇ.”

ಅವಳ ಮುಖ ಕೆಂಪಾಯಿತು. ಐವತ್ತೆರಡರ ಹೆಂಗಸಿಗೆ ಇದೆಂಥ ಹುಡುಗಾಟ ಎಂದು ತನ್ನ ಮೇಲೇ ಸಿಟ್ಟು ಬಂತು. ಕೈ ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

“ನಾಚ್ಕೋಬೇಡ. ನನ್ನದು ಇದಕ್ಕಿಂತ ದೊಡ್ಡ ಮೋಸ,” ಎಂದ. “ದಿನಾ ಒಂದು ಮುಳ್ಳು ಬೇಕಂತಲೇ ನಿನ್ನ ಬೆರಳಲ್ಲಿ ಬಿಡ್ತಿದ್ದೆ. ಅದಕ್ಕಾದ್ರೂ ನಾಳೆ ಬರ್ತೀಯಲ್ಲ ಅಂತ.”

“ಗೊತ್ತು.”

“ಗೊತ್ತಾ?”

“ಮನೆಗೆ ಹೋಗಿ ಅದನ್ನ ನಾನೇ ಕಿತ್ಕೊಳ್ತಿದ್ದೆ. ನನ್ನ ಕಣ್ಣು ಚೆನ್ನಾಗೇ ಇದೆ.”

ಹಾಗಾದರೆ ಹನ್ನೊಂದು ವರ್ಷದ ಮುಳ್ಳನ್ನೆಲ್ಲ ಅವಳೇ ಕಿತ್ತುಕೊಳ್ಳಬಹುದಿತ್ತು ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಕಣ್ಣು ತುಂಬಿತು.

“ನೆಪ ಹುಡುಕಿ ಹುಡುಕಿ ಸಾಕಾಗಿದೆ ನಂಗೆ, ನಿಕಾನೋರ್,” ಎಂದಳು ಅವಳು. “ಮನೆಗೇ ಬಂದ್ಬಿಡು.”

ಅವನು ಸೂಜಿಯನ್ನು ಟೋಪಿಗೆ ಸಿಕ್ಕಿಸಿ ಎದ್ದ. ಹೊರಡಲು ನಿಂತಿದ್ದ ಲಾರಿಯಿಂದ ಹೆಂಗಸರೆಲ್ಲ ನೋಡುತ್ತಿದ್ದರು. ಅವನು ಕೈ ಬಿಡಲಿಲ್ಲ.