ಜಾಡಿ ಮುಟ್ಟದ ಅತ್ತೆ

"ಈ ಸಲ ಆವಕಾಯಿ ನೀನೇ ಕಲಸು. ನಾನು ಮುಟ್ಟೋದಿಲ್ಲ."

ಶೇಷಮ್ಮ ಹಾಗೆಂದು ಅಂಗಳದ ಮೂಲೆಯಲ್ಲಿ ಕುಳಿತಾಗ ಸೊಸೆ ಹೈಮಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ತೆನಾಲಿಯ ಆ ಮನೆಗೆ ಬಂದು ಹನ್ನೊಂದು ವರ್ಷ... ಒಂದು ದಿನವೂ ಅತ್ತೆ ಅವಳನ್ನು ಉಪ್ಪಿನಕಾಯಿ ಜಾಡಿಯ ಹತ್ತಿರ ಸುಳಿಯಗೊಟ್ಟವರಲ್ಲ. "ನಿಮ್ಮಮ್ಮನ ಮನೆ ಕೈ ತಾಗಿದ್ರೆ ದಸರೆಯೊಳಗೆ ಬೂಜು ಹಿಡಿಯುತ್ತೆ" ಎನ್ನುವರು.

ಹೈಮ ಹಿಗ್ಗಿ, ಮೊಣಕೈವರೆಗೆ ಖಾರ ಮೆತ್ತಿಕೊಂಡು ಕಲಸಿದಳು. ಅತ್ತೆ ದೂರದಿಂದ ಬೈಯಲೂ ಇಲ್ಲ. ಸಂಜೆ ದೇವರ ದೀಪಕ್ಕೂ ಏಳಲಿಲ್ಲ. ಆಗ ಹೈಮಳಿಗೆ ಹೊಳೆಯಿತು. ಆ ಮನೆಯ ಹೆಂಗಸರು ಜಾಡಿಯನ್ನೂ ದೀಪವನ್ನೂ ಒಟ್ಟಿಗೆ ಬಿಡುವುದು ಮುಟ್ಟಿನ ಮೂರು ದಿನ ಮಾತ್ರ. ಅತ್ತೆಗೋ ಅರವತ್ತೊಂದು. ಅದೆಲ್ಲ ನಿಂತು ಹತ್ತು ವರ್ಷವಾಗಿತ್ತು.

"ಅತ್ತಮ್ಮಾ, ಎಷ್ಟು ದಿನದಿಂದ?"

"ಏನೇ ಎಷ್ಟು ದಿನ? ಹೋಗಿ ಜಾಡಿ ಬಾಯಿಗೆ ಬಟ್ಟೆ ಕಟ್ಟು."

"ಜಾಡಿ ಬಾಯಿ ಕಟ್ಟಿದೀನಿ. ನೀವು ಬಾಯಿ ಬಿಡಿ."

ಶೇಷಮ್ಮನ ಕಣ್ಣು ತುಂಬಿತು. "ಎರಡು ತಿಂಗಳಿಂದ ಚೂರುಚೂರು ಹೋಗ್ತಿತ್ತು ಕಣೇ... ಈಗ ಜಾಸ್ತಿ ಆಗಿದೆ. ಪಕ್ಕದ ಮನೆ ನಾಂಚಾರಮ್ಮಂಗೆ ಹೀಗೇ ಆಗಿ ಗರ್ಭಕೋಶಾನೇ ತೆಗೆದುಹಾಕಿದ್ರು. ನನ್ನ ಮಗ ಮಲಗಿದ್ದ ಜಾಗ ಅದು. ಸತ್ತರೂ ಕೊಯ್ಯೋಕೆ ಬಿಡಲ್ಲ."

"ಬಿಡಬೇಡಿ. ತೋರಿಸೋಕಾದ್ರೂ ಬನ್ನಿ. ಇಲ್ಲಾಂದ್ರೆ ಈ ಆವಕಾಯೀನ ಬೀದಿಗೆಲ್ಲ ಹಂಚಿ, ನೀವೇ ಕಲಸಿದ್ದು ಅಂತೀನಿ."

ಆ ಬೆದರಿಕೆಗೆ ಶೇಷಮ್ಮ ಬಗ್ಗಿದರು.

ಗುಂಟೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಸಮಾಧಾನವಾಗಿ ಹೇಳಿದರು: "ಹಿಸ್ಟರೋಸ್ಕೋಪಿ ಮಾಡೋಣಮ್ಮಾ. ಹೊಟ್ಟೆ ಕೊಯ್ಯಲ್ಲ. ಪೆನ್ಸಿಲ್‌ಗಿಂತ ಸಣ್ಣ ನಳಿಗೆ, ತುದೀಲಿ ಕ್ಯಾಮೆರಾ. ಕೆಳಗಿಂದಲೇ ಬಿಟ್ಟು ಗರ್ಭಕೋಶದ ಒಳಗೆ ನೋಡ್ತೀವಿ. ಗಂಟು ಇದ್ರೆ ಅಲ್ಲೇ ತೆಗೀತೀವಿ. ಸಂಜೆಗೆ ಮನೆಗೆ ಹೋಗಬಹುದು."

"ಕಟ್ಟಿಕೊಂಡ ಗಂಡನೇ ನೋಡದ ಜಾಗ, ಇವರು ಟೀವೀಲಿ ನೋಡ್ತಾರಂತೆ" ಎಂದು ಶೇಷಮ್ಮ ಗೊಣಗಿದರು. ನರ್ಸ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಗೋಡಂಬಿಯಷ್ಟು ಮಾಂಸದ ಗಂಟು ಸಿಕ್ಕಿತು. ತೆಗೆದು ಪರೀಕ್ಷೆಗೆ ಕಳಿಸಿದರು. ಆ ಎಂಟು ದಿನ ಅತ್ತೆಯೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು... ಫೋನು ಸದ್ದಾದರೆ ಇಬ್ಬರ ಕೈಯೂ ತಟ್ಟೆಯಲ್ಲೇ ನಿಲ್ಲುತ್ತಿತ್ತು.

ಒಂಬತ್ತನೆಯ ದಿನ ಡಾಕ್ಟರಮ್ಮನೇ ಫೋನು ಮಾಡಿದರು. ಕೆಟ್ಟ ಗಂಟಲ್ಲ. ಏನೂ ಭಯವಿಲ್ಲ.

ಶೇಷಮ್ಮ ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ನೇರ ಬಂದು ಜಾಡಿಯ ಬಟ್ಟೆ ಬಿಚ್ಚಿದರು. ಬಿಸಿ ಅನ್ನಕ್ಕೆ ಆವಕಾಯಿ, ತುಪ್ಪ ಹಾಕಿ ಕಲಸಿ ಬಾಯಿಗಿಟ್ಟುಕೊಂಡರು. ಹೈಮ ತುಪ್ಪದ ಗಿಂಡಿ ಹಿಡಿದು ಎದುರಿಗೇ ನಿಂತಿದ್ದಳು.

"ಉಪ್ಪು ಕಮ್ಮಿ."

ಹನ್ನೆರಡು ದಿನದ ಮೇಲೆ ಬಂದ ಬೈಗುಳ. ಹೈಮಳಿಗೆ ಅಳು ಒತ್ತರಿಸಿ ಬಂತು.

"ಅಳೋದು ಆಮೇಲೆ. ಬಾಯಿ ತೆಗಿ" ಎಂದು ಅತ್ತೆ ಮುಂದಿನ ತುತ್ತನ್ನು ಅವಳ ಬಾಯಿಗೇ ಇಟ್ಟರು. "ಮುಂದಿನ ವರ್ಷ ನಾನು ಪಕ್ಕದಲ್ಲಿ ಕೂತು ಉಪ್ಪು ಅಳೆದು ಕೊಡ್ತೀನಿ. ಕಲಸೋದು ನೀನೇ."

"ಬೂಜು ಹಿಡಿದ್ರೆ, ಅತ್ತಮ್ಮಾ?"

"ಹಿಡಿದ್ರೆ ನಿಮ್ಮಮ್ಮನ ಮನೆಗೆ ಕಳಿಸ್ತೀನಿ" ಎಂದು ಶೇಷಮ್ಮ ಇನ್ನೊಂದು ತುತ್ತು ಕಲಸಿದರು. "ಜಾಡೀನ. ನಿನ್ನನ್ನಲ್ಲ."