ಕೆಸರಿನಲ್ಲಿ ಎರಡು ಗೆರೆ

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಎಂಟಕ್ಕೆ ಮುಕ್ಕುಂದದ ದುರುಗಪ್ಪ ಮೊಳಕಾಲುದ್ದ ಕೆಸರಿನಲ್ಲೇ ಸಿಂಧನೂರು ಗ್ರಾಮೀಣ ಠಾಣೆಗೆ ಬಂದ. ನಸುಕಿನಲ್ಲಿ ಯಾರೋ ಅವನ ನಾಟಿ ಗದ್ದೆಯಲ್ಲಿ ಗಾಡಿ ಓಡಿಸಿ, ಕಾಲುವೆಯ ಒಡ್ಡು ಒಡೆದು, ಅವನ ಸರದಿಯ ನೀರನ್ನೆಲ್ಲ ಹಳ್ಳಕ್ಕೆ ಹರಿಸಿದ್ದಾರೆ ಎಂಬುದು ದೂರು. ಅನುಮಾನ ಕೆಳಗಿನ ಹೊಲದ ಗ್ಯಾನಮ್ಮನ ಮೇಲೆ. ಕಾಲುವೆ ಸೀಮೆಯಲ್ಲಿ ನೀರಿಗಾಗಿ ತಲೆ ಒಡೆದುಕೊಂಡವರುಂಟು. ಸಬ್ ಇನ್‌ಸ್ಪೆಕ್ಟರ್ ಮಹೇಶ್ವರಿ ತಡಮಾಡದೆ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಅಂಬಪ್ಪನೊಂದಿಗೆ ಜೀಪು ಹತ್ತಿದರು.

"ನೀರು ಕದಿಯಾಕ ಗುದ್ದಲಿ ಸಾಕ್ರೀ ಮೇಡಂ, ಗಾಡಿ ಯಾಕ ಬೇಕು?" ತನ್ನ ಹೊಲದ ಬದುವಿನಲ್ಲಿ ನಿಂತು ಎಂದಳು ಗ್ಯಾನಮ್ಮ. "ನನ್ನ ಹೊಲಕ್ಕ ಒಂದು ಹನಿ ಬಂದಿಲ್ಲ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಪಂಚನಾಮೆಗೆ ಗದ್ದೆಗಿಳಿದ ಅಂಬಪ್ಪ ತಲೆ ಕೆರೆದುಕೊಂಡ. ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಕೊರೆದ ಗುರುತಿಲ್ಲ. ಜೀಪಾಗಿದ್ದರೆ ಅಲ್ಲೇ ಹೂತು ಕೂರುತ್ತಿತ್ತು. ಅಗಲವಾದ ಎರಡು ಗೆರೆ ಗದ್ದೆಯ ನಡುವೆ ಹೋಗಿ, ತಿರುಗಿ, ಒಡ್ಡು ಹತ್ತಿ ರಸ್ತೆ ಸೇರಿದ್ದವು.

"ನಾಕು ಗಾಲಿ ಗಾಡಿ ತಿರುಗಿದ್ರ ಹಿಂದಿನ ಗಾಲಿ ಬ್ಯಾರೆ ಗೆರಿ ಹೊಡಿಬೇಕ್ರೀ. ಇಲ್ಲಿ ಎರಡ ಅದಾವು. ಬಂಡಿ ಅನ್ನೋಣಂದ್ರ ಎತ್ತಿನ ಹೆಜ್ಜಿ ಇಲ್ಲ," ಎಂದ ಅಂಬಪ್ಪ.

ದುರುಗಪ್ಪ ಆಗಲೇ ದೆವ್ವದ ಮಾತು ತೆಗೆದಿದ್ದ. ಮಹೇಶ್ವರಿ ದೆವ್ವವನ್ನು ಪಂಚನಾಮೆಗೆ ಸೇರಿಸಲಿಲ್ಲ. ಗೆರೆಗಳನ್ನು ಅಳೆಸಿ, ಫೋಟೊ ತೆಗೆಸಿ ಹೊರಟರು.

ಸಿಂಧನೂರಿನೊಳಗೆ ಬರುವಾಗ ಒಂದು ಫ್ಲೆಕ್ಸ್ ಕಂಡಿತು. ಗದ್ದೆಗೂ ಸೈ, ಹೈವೇಗೂ ಸೈ ಎನ್ನುವ ಸ್ಪೋರ್ಟ್ಸ್ ಕಾರು, ಭಾನುವಾರ ಲಿಂಗಸುಗೂರಿನ ಮೈದಾನದಲ್ಲಿ ಪ್ರದರ್ಶನ. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ಗ್ಯಾರೇಜ್ ಮಾಲೀಕ ಜಾಹೀದನ ಚಿತ್ರ. ಮಹೇಶ್ವರಿ ಜೀಪನ್ನು ಅತ್ತ ತಿರುಗಿಸಿದರು.

ಮಸ್ಕಿ ರಸ್ತೆಯ ಜಾಹೀದನ ಗ್ಯಾರೇಜಿನಲ್ಲಿ ಕಾರು ಕೂತ ಕಪ್ಪೆಯ ಹಾಗಿತ್ತು. ಈಗಷ್ಟೇ ತೊಳೆದಿದ್ದರು.

"ಡಾಂಬರಿನ ಮ್ಯಾಲೆ ನೆಲಕ್ಕ ಹತ್ತಿಕೊಂಡ ಓಡ್ತೈತ್ರೀ," ಜಾಹೀದ್ ಹುರುಪಿನಿಂದ ಹೇಳಿದ. "ಕೆಸರು ಬಂತಂದ್ರ ಗುಂಡಿ ಒತ್ತೂದು, ಮೈ ಗೇಣುದ್ದ ಮ್ಯಾಲೇಳ್ತೈತಿ. ನಾಕೂ ಗಾಲಿ ತಿರುಗ್ತಾವು. ಮುಂದಿನವು ಎಡಕ್ಕಂದ್ರ ಹಿಂದಿನವು ಬಲಕ್ಕ."

"ಅಂದ್ರ ಹಿಂದಿನ ಗಾಲಿ ಮುಂದಿನ ಗೆರಿ ಮ್ಯಾಲೇ ಬರ್ತಾವು?" ಎಂದು ಕೇಳಿದರು ಮಹೇಶ್ವರಿ.

"ಕೂದಲೆಳಿ ಸರಿಯೂದಿಲ್ರೀ!"

"ಮಾಡಿದ್ದು ಯಾರು?"

"ನಾನ್ರೀ. ಮೂರು ವರ್ಷದ ಮೆಹನತ್ತು. ಬ್ಯಾರೆ ಯಾರೂ ಮುಟ್ಟಂಗಿಲ್ಲ."

"ಹಂಗಾದ್ರ ನಸುಕಿನ್ಯಾಗ ಮುಕ್ಕುಂದದ ಗದ್ದಿ ಹೊಕ್ಕವರೂ ನೀವ. ನಡೀರಿ ಠಾಣೆಗೆ."

ಜಾಹೀದ್ ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದ. "ನಾ ಬರೀ ಹೆಸರಿಗ್ರೀ ಮೇಡಂ. ಮಾಡಿದಾಕಿ, ಓಡಿಸಿದಾಕಿ ಎಲ್ಲಾ ನನ್ನ ತಂಗಿ."

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಮಹೇಶ್ವರಿ ಬಹಳ ನೋಡಿದ್ದರು. ಇಷ್ಟು ಬೇಗ ಬಾಲ ಬಿಟ್ಟವನು ಇವನೊಬ್ಬನೇ.

ಒಳಗಿಂದ ಶಾಹೀನ್ ಬಂದಳು. ಡಿಪ್ಲೊಮಾ ಓದಿದ ಹುಡುಗಿ, ಮೊಳಕೈವರೆಗೂ ಗ್ರೀಸು. "ಖರೇ ಐತ್ರೀ. ನಾನ ಓಡಿಸೀನಿ."

"ಯಾಕ?"

"ಭಾನುವಾರ ಅಣ್ಣ ಒಣ ಮೈದಾನದಾಗ ಓಡಿಸ್ತಾನ. ಆಮ್ಯಾಲೆ ಕಾರು ಮಾರಾಟ. ಅದಕ್ಕೂ ಮೊದಲ ಒಮ್ಮೆ ಖರೇ ಕೆಸರಿನ್ಯಾಗ ನೋಡಬೇಕಿತ್ತು. ನಾಟಿ ಮಾಡಿದ ಗದ್ದಿ ಕೇಳಿದ್ರ ಯಾರು ಕೊಡ್ತಾರ್ರೀ?"

"ಒಡ್ಡು ಒಡದದ್ದು ಗೊತ್ತಾಗಲಿಲ್ಲೇನು?"

"ಗೊತ್ತಾತ್ರೀ. ಅಂಜಿ ಬಂದ್ಬಿಟ್ಟೆ."

ಮಹೇಶ್ವರಿಗೆ ಸಿಟ್ಟು ಬಂತು. ಒಬ್ಬ ರೈತನ ನೀರು ಹಳ್ಳಕ್ಕೆ ಹರಿಯುವುದನ್ನು ಕಂಡೂ ಬಂದವಳು ಇವಳು. ಹುಡುಗಿಯ ಮೇಲೆ ಮರುಕವೂ ಹುಟ್ಟಿತು, ಅದಕ್ಕೆ ಸಿಟ್ಟು ಇನ್ನಷ್ಟು ಹೆಚ್ಚಿತು. ಮಧ್ಯಾಹ್ನ ಒಂದಕ್ಕೆ ಶಾಹೀನಳ ಬಂಧನ ದಾಖಲಿಸಿ, ಕಾರನ್ನು ಜಪ್ತಿ ಮಾಡಿದರು.

ಠಾಣೆಯಲ್ಲಿ ಅಂಬಪ್ಪ ಹೇಳಿಕೆ ಓದಿ ಹೇಳಿದ. "ಜಾಹೀದನಿಗೆ ಸೇರಿದ ಕಾರನ್ನು ಆರೋಪಿಯು ಚಲಾಯಿಸಿ..."

"ಮಾಡಿದಾಕಿ ನಾನ ಅಂತ ಬರೀರಿ," ಎಂದಳು ಶಾಹೀನ್.

"ಅದು ಕೇಸಿಗೆ ಬೇಕಿಲ್ಲ ತಂಗಿ. ಬರದ್ರ ನಿನಗ ತ್ರಾಸ."

"ಬರೀರಿ."

ಅಂಬಪ್ಪ ಮಹೇಶ್ವರಿಯ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬರೆದುಕೊಟ್ಟ. ಫ್ಲೆಕ್ಸಿನಲ್ಲಿ ಇಲ್ಲದ ತನ್ನ ಹೆಸರನ್ನು ಶಾಹೀನ್ ಆ ಕಾಗದದಲ್ಲಿ ಎರಡು ಸಲ ಓದಿದಳು. ಜಾಮೀನು ಯಾವಾಗ ಎಂದು ಕೇಳದೆ ಸಹಿ ಹಾಕಿದಳು.