ಮಾತು ಕೇಳದ ಸ್ಪೀಕರ್

“ಕನೆಕ್ಟ್ ಆಯ್ತಾ?”

“ಇಲ್ಲ.”

“ಈಗ?”

“ಇಲ್ಲ ಕಣೇ! ನೀನು ಹೀಗೆ ತಲೆ ತಿಂದ್ರೆ ಆಗೋದೂ ಆಗಲ್ಲ,” ಎಂದು ಬುಗುರಿ ರೇಗಿದಳು.

ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಾಳೆ ಅಂತ ಅಪ್ಪ ಅವಳಿಗೆ ಇಟ್ಟ ಅಡ್ಡಹೆಸರು ಬುಗುರಿ. ಈಗ ಕ್ಲಾಸಿನಲ್ಲೂ ಅದೇ ಹೆಸರು.

ನಾಳೆ ಸ್ಕೂಲ್ ಡೇ. ಡ್ಯಾನ್ಸಿನ ಕೊನೆಯ ಸ್ಟೆಪ್ ಇನ್ನೂ ಒಬ್ಬರಿಗೂ ಸರಿಯಾಗಿ ಬಂದಿರಲಿಲ್ಲ. “ನಮ್ಮನೇಲಿ ಸ್ಪೀಕರ್ ಇದೆ, ಎಲ್ಲಾ ಬನ್ನಿ” ಅಂತ ಜಂಬದಿಂದ ಕರೆದವಳು ಬುಗುರಿಯೇ. ಈಗ ಗೆಳತಿ ಚೂಟಿಯೂ ಕ್ಲಾಸಿನ ಅವಳಿ ಹುಡುಗಿಯರಿಬ್ಬರೂ ಸೊಂಟದ ಮೇಲೆ ಕೈಯಿಟ್ಟು ಹಾಲಿನ ನಡುವೆ ನಿಂತಿದ್ದರು.

“ಬೇಗ ಮುಗಿಸೇ. ಗಿರಾಕಿ ಫೋನ್ ಮಾಡ್ತಾರೆ, ನನಗೆ ಮೊಬೈಲ್ ಬೇಕು,” ಎಂದಳು ಹೊಲಿಗೆ ಮಿಷನ್ ಮುಂದೆ ಕೂತಿದ್ದ ಅಮ್ಮ.

ಬುಗುರಿ ಸ್ಪೀಕರ್ ಆಫ್ ಮಾಡಿದಳು. ಆನ್ ಮಾಡಿದಳು. ‘ಟುಡುಂಗ್’ ಎಂದಿತು. ಅಂದರೆ ಕನೆಕ್ಟ್ ಆಯಿತು ಅಂತ. ಖುಷಿಯಿಂದ ಹಾಡು ಹಾಕಿದರೆ ಅದು ಅಮ್ಮನ ಮೊಬೈಲಿನಲ್ಲೇ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಸ್ಪೀಕರ್ ಮಾತ್ರ ಗಪ್‌ಚಿಪ್.

“ನನ್ನ ಜೊತೆ ಕನೆಕ್ಟ್ ಆಗದೆ ಇನ್ಯಾರ ಜೊತೆ ಆದೆ ನೀನು?” ಎಂದು ಬುಗುರಿ ಅದರ ನೆತ್ತಿಗೆ ಒಂದು ಕೊಟ್ಟಳು.

ಆಗ ಸ್ಪೀಕರ್ ಮಾತಾಡಿತು.

“ಬಾಗಿಲು,” ಎಂದಿತು ಒಂದು ಹೆಂಗಸಿನ ದನಿ.

ಎಲ್ಲರೂ ಬೆಚ್ಚಿದರು. ಚೂಟಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಬಾ-ಗಿ-ಲು. ಈಗ ನೀವು ಹೇಳಿ.”

“ಹಾಕಿದೀವಿ ತಾಯೀ, ಚಿಲಕಾನೂ ಹಾಕಿದೀವಿ!” ಎಂದಳು ಚೂಟಿ. ಅವಳಿಗಳು ಬಿದ್ದು ಬಿದ್ದು ನಕ್ಕರು.

“ಕಿಟಕಿ. ಈಗ ನೀವು ಹೇಳಿ.”

“ಕೀ…ಟಾ…ಕೀ!” ಎಂದು ಅವಳಿಗಳು ನಾಲಗೆ ಹೊರಳಿಸಿ ಕೂಗಿದರು. ಬುಗುರಿಗೂ ನಗು ತಡೆಯಲಾಗಲಿಲ್ಲ. ಅವಳೂ ಮೂತಿ ಸೊಟ್ಟ ಮಾಡಿ “ಕಿಟ್ಟಾಕೀ” ಎಂದಳು.

ಆದರೆ ನಗು ಎಷ್ಟು ಹೊತ್ತು ಬಂದೀತು? ಆಫ್ ಮಾಡಿ ಆನ್ ಮಾಡಿದರೂ ಅದೇ ‘ಟುಡುಂಗ್’, ಅದೇ ಹೆಂಗಸು, ಅದೇ ಬಾಗಿಲು, ಅದೇ ಕಿಟಕಿ. ಸದ್ದು ಬೇರೆ ಏರುತ್ತಾ ಹೋಗಿ ಮನೆಯೇ ಅದುರತೊಡಗಿತು. ಅಮ್ಮ ಕಿವಿ ಮುಚ್ಚಿಕೊಂಡಳು. ಚೂಟಿ ಚಪ್ಪಲಿ ಹುಡುಕತೊಡಗಿದಳು.

“ನಾನು ಹೊರಟೆ. ಇದು ಸರಿ ಹೋಗೋದ್ರಲ್ಲಿ ನಮಗೆ ಮದುವೆ ಆಗಿರುತ್ತೆ.”

“ಐದೇ ನಿಮಿಷ ಇರೇ, ಪ್ಲೀಸ್!” ಬುಗುರಿಗೆ ಅಳುವೇ ಬಂದುಬಿಟ್ಟಿತ್ತು.

ಅಷ್ಟರಲ್ಲಿ ಸ್ಪೀಕರಿನಲ್ಲಿ ರಿಂಗ್ ಆಯಿತು. ಆಮೇಲೆ ಒಬ್ಬ ಗಂಡಸು ಮಾತಾಡಿದ.

“ಅಮ್ಮಾ? ಅಪ್ಪ ಇವತ್ತು ಮಾತಿನ ಪಾಠ ಕೇಳಿದ್ರಾ? ಒಂದು ಮಾತಾದ್ರೂ ಬಂತಾ?”

ಚೂಟಿ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟಳು.

ಕೆಳಗಿನ ಮನೆಯ ಕಿಟಕಿಯಿಂದ ಒಂದು ಕೂಗು ಕೇಳಿಸಿತು. “ಹಲೋ! ಹಲೋ! ಏನೂ ಕೇಳಿಸ್ತಿಲ್ಲ ಕಣೋ ಮಗಾ! ಈ ಹಾಳು ಫೋನಿಗೆ ಏನಾಗಿದೆಯೋ!”

“ಅಮ್ಮಾ, ಹೆದರಬೇಡ. ಡಾಕ್ಟರ್ ಹೇಳಿದಾರಲ್ಲ, ಮಾತು ನಿಧಾನಕ್ಕೆ ವಾಪಸ್ ಬರುತ್ತೆ ಅಂತ. ಅಮ್ಮಾ? ಕೇಳ್ತಿದ್ಯಾ?”

ಬುಗುರಿ ತಟ್ಟನೆ ಸ್ಪೀಕರ್ ಆಫ್ ಮಾಡಿದಳು.

ಕೆಳಗಿನ ಮನೆಯಲ್ಲಿದ್ದವರು ಈಜು ಸರ್. ಬುಗುರಿಗೆ ಈಜು ಕಲಿಸಿದವರು ಅವರೇ. ಅವರು ಒಂದು ಸಲ ಗದರಿದರೆ ಕೊಳದ ಆಚೆ ದಡದಲ್ಲಿದ್ದವರೂ ಕಾಲು ಬಡಿಯುತ್ತಿದ್ದರು. ಬೇಸಿಗೆಯಲ್ಲಿ ಅವರಿಗೆ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿಸಿದ್ದರು. ವಾಪಸ್ ಬಂದ ಮೇಲೆ ಒಂದು ದಿನ ಮೆಟ್ಟಿಲ ಮೇಲೆ ಎದುರಾದಾಗ ಬುಗುರಿ “ನಮಸ್ತೆ ಸರ್” ಎಂದಿದ್ದಳು. ಅವರು ತುಟಿ ಪಿಟಕ್ಕೆನ್ನದೆ ಮುಖ ತಿರುಗಿಸಿ ಒಳಗೆ ಹೋಗಿದ್ದರು. “ಹೋಗಲಿ ಬಿಡು, ನನಗೇನು?” ಅಂತ ಅವಳೂ ಅವತ್ತಿನಿಂದ ಮಾತಾಡಿಸಿರಲಿಲ್ಲ.

“ಅಮ್ಮಾ, ಸರ್‌ಗೆ ಮಾತೇ ಬರಲ್ವಾ?”

ಅಮ್ಮ ಮಿಷನ್ ನಿಲ್ಲಿಸಿದಳು. “ಅವರಿಗೆ ಹುಷಾರಿಲ್ಲ ಅಂತಷ್ಟೇ ನನಗೂ ಗೊತ್ತಿದ್ದಿದ್ದು.”

ಬುಗುರಿ ದಡದಡ ಮೆಟ್ಟಿಲಿಳಿದಳು.

ಬಾಗಿಲು ತೆಗೆದವರು ಸರ್ ಹೆಂಡತಿ. ಆಂಟಿಯ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಸ್ಪೀಕರ್. ಬುಗುರಿಯ ಮನೆಯದ್ದೇ ಕಂಪನಿ, ಅದೇ ನೀಲಿ ಬಣ್ಣ.

“ಬಾಮ್ಮ ಬಾ. ನೋಡು, ಅಂಕಲ್ ಪಾಠ ಕೇಳೋಕೆ ಅಂತ ಮಗ ತಂದುಕೊಟ್ಟು ಹೋದ. ಅವನು ಹೋಗಿದ್ದೇ ತಡ, ಇದು ಬಾಯಿ ಮುಚ್ಚಿಕೊಂಡು ಕೂತಿದೆ. ಸೌಂಡ್ ಎಷ್ಟು ಏರಿಸಿದ್ರೂ ಕೇಳಲ್ಲ!”

“ಅದೆಲ್ಲಾ ನಮ್ಮನೇಲಿ ಕೇಳಿಸ್ತಿದೆ ಆಂಟಿ,” ಎಂದಳು ಬುಗುರಿ ಮೆಲ್ಲಗೆ.

ಮೊಬೈಲ್ ನೋಡಿದಾಗ ಎಲ್ಲ ಅರ್ಥವಾಯಿತು. ಎರಡು ಸ್ಪೀಕರಿಗೂ ಒಂದೇ ಹೆಸರು. ಮೊದಲ ದಿನವೇ ಆಂಟಿಯ ಮೊಬೈಲಿಗೆ ಮೇಲಿನ ಮನೆಯದ್ದೂ ಪೇರ್ ಆಗಿಬಿಟ್ಟಿತ್ತು. ಬುಗುರಿ ಆನ್ ಮಾಡಿದ ತಕ್ಷಣ ಆ ಮೊಬೈಲ್ ಅದನ್ನು ಹಾರಿ ಹಿಡಿದುಕೊಳ್ಳುತ್ತಿತ್ತು.

ಬುಗುರಿ ಹಳೆಯ ಪೇರಿಂಗ್ ಅಳಿಸಿದಳು. ಆಂಟಿಯ ಸ್ಪೀಕರಿನ ಬಟನ್ ಒತ್ತಿ ಹಿಡಿದಳು. ಲೈಟ್ ಪಕಪಕ ಮಿನುಗಿತು. ಪಟ್ಟಿಯಲ್ಲಿ ಹೆಸರು ಬಂತು, ಒತ್ತಿದಳು.

‘ಟುಡುಂಗ್.’ ಆದರೆ ಸದ್ದು ಬಂದಿದ್ದು ಮೇಲಿನಿಂದ!

ಬುಗುರಿ ಕಿಟಕಿಗೆ ಓಡಿದಳು. “ಯಾರೇ ಅದು ಆನ್ ಮಾಡಿದ್ದು? ಆಫ್ ಮಾಡ್ರೇ!”

“ಸರಿಯಾಯ್ತೇನೋ ಅಂತ ನೋಡಿದ್ವಿ!” ಎಂದಳು ಚೂಟಿ ಮೇಲಿನಿಂದ.

“ನಿನ್ನ ತಲೆ! ನಾನು ಹೇಳೋವರೆಗೂ ಅದನ್ನ ಮುಟ್ಟಬೇಡ!”

ಮತ್ತೆ ಅಳಿಸಿದಳು, ಮತ್ತೆ ಒತ್ತಿ ಹಿಡಿದಳು. ಈ ಸಲ ಆಂಟಿಯ ಕೈಯಲ್ಲಿದ್ದ ಸ್ಪೀಕರ್ ‘ಟುಡುಂಗ್’ ಎಂದಿತು. ಇನ್ನು ಗೊಂದಲ ಆಗಬಾರದು ಅಂತ ಮೊಬೈಲಿನಲ್ಲಿ ಅದರ ಹೆಸರನ್ನು ‘ಈಜು ಸರ್’ ಎಂದು ಬದಲಿಸಿದಳು.

“ಈಗ ಆನ್ ಮಾಡಿ! ಅಮ್ಮನ ಮೊಬೈಲಿಂದ ಹಾಕಿ!” ಎಂದು ಮೇಲಕ್ಕೆ ಕೂಗಿದಳು.

ಆಂಟಿ ಸ್ಪೀಕರನ್ನು ಒಳಗೆ ಒಯ್ದು, ಕಿಟಕಿ ಪಕ್ಕದ ಕುರ್ಚಿಯ ಬಳಿ ಇಟ್ಟರು. ಕುರ್ಚಿಯಲ್ಲಿ ಸರ್ ಇದ್ದರು. ಎಷ್ಟು ಇಳಿದುಹೋಗಿದ್ದರು! ಆ ಕಿಟಕಿ ಪೂರ್ತಿ ತೆರೆದಿತ್ತು. ಮೇಲೆ ತಾವೆಲ್ಲ ನಕ್ಕಿದ್ದೂ ‘ಕೀಟಾಕೀ’ ಎಂದು ಕೂಗಿದ್ದೂ ಇಲ್ಲಿಗೆ ಕೇಳಿಸಿಯೇ ಇರಬೇಕು. ಬುಗುರಿಗೆ ಕಿವಿಯೆಲ್ಲ ಬಿಸಿಯಾಯಿತು.

ಆಂಟಿ ಪಾಠ ಹಾಕಿದರು.

“ಚಮಚ. ಈಗ ನೀವು ಹೇಳಿ.”

ಸರ್ ಬಾಯಿ ತೆರೆದರು. “ಚ… ಚ… ತ…”

ಕತ್ತಿನ ನರ ಉಬ್ಬಿತು. ಅವರು ಕುರ್ಚಿಯ ಕೈಗೆ ಪಟ್ಟೆಂದು ಬಾರಿಸಿ ಮುಖ ಆಚೆ ತಿರುಗಿಸಿದರು. ಮೆಟ್ಟಿಲ ಮೇಲೆ ತಿರುಗಿಸಿದ್ದು ಇದೇ ಮುಖ. ಆದರೆ ಇವತ್ತು ಬುಗುರಿಗೆ ಅದು ಬೇರೆಯಾಗಿ ಕಂಡಿತು.

‘ಚಮಚ’ ಅನ್ನೋದು ಅವಳ ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದಳು.

ಮೇಲೆ ಹಾಡು ಶುರುವಾಯಿತು. “ಬುಗುರೀ! ಬಂತು ಕಣೇ! ಬೇಗ ಬಾರೇ!” ಎಂದು ಚೂಟಿ ಕೂಗಿದಳು.

ಬುಗುರಿ ಕಿಟಕಿಯಿಂದ ಕತ್ತು ಹೊರಹಾಕಿದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಚೂಟಿಗೆ ಏನು ಅರ್ಥವಾಯಿತೋ, ಹಾಡು ನಿಂತಿತು.

“ಆಂಟಿ, ಇನ್ನೊಂದ್ಸಲ ಹಾಕ್ತೀರಾ?”

ಅವಳು ಸರ್ ಎದುರಿಗೆ ನೆಲದ ಮೇಲೆ ಕೂತಳು. ಸರ್ ನಿಧಾನವಾಗಿ ಇತ್ತ ತಿರುಗಿದರು.

“ಚಮಚ. ಈಗ ನೀವು ಹೇಳಿ.”

“ಚ…” ಎಂದರು ಸರ್. ಉಸಿರು ಎಳೆದುಕೊಂಡರು. “ಚ… ಮ…”

ಬುಗುರಿ ಕಾದಳು.